ಪ್ಲಗಿನ್ ಅಪ್‌ಡೇಟ್ ಮಾಡಿದ ಮೇಲೆ ವರ್ಡ್‌ಪ್ರೆಸ್ ಸೈಟ್ ಬರೀ ಬಿಳಿ. ಎಲ್ಲ ಅಳಿಸಿ ಹೊಸದಾಗಿ ಹಾಕಲೇ?

ಅಳಿಸಬೇಡಿ. ಬೇರೆ ಏನನ್ನೂ ಓದದಿದ್ದರೂ ಇದೊಂದನ್ನು ಓದಿ.

ನೀವು ಬರೆದದ್ದು ಇಷ್ಟು: ವರ್ಡ್‌ಪ್ರೆಸ್ (ವೆಬ್‌ಸೈಟ್ ಕಟ್ಟಿ ನಡೆಸುವ ತಂತ್ರಾಂಶ) ಸೈಟಿನಲ್ಲಿ ನಾಲ್ಕೈದು ಪ್ಲಗಿನ್‌ಗಳನ್ನು (ಅದಕ್ಕೆ ಹೊಸ ಸೌಲಭ್ಯ ಸೇರಿಸುವ ಬಿಡಿ ತಂತ್ರಾಂಶಗಳನ್ನು) ಒಟ್ಟಿಗೆ ಅಪ್‌ಡೇಟ್ ಮಾಡಿದಿರಿ. ಆಮೇಲೆ ಸೈಟೂ ಇಲ್ಲ, ಅಡ್ಮಿನ್ ಪುಟವೂ ಇಲ್ಲ, ಬರೀ ಬಿಳಿ. ಮೂರು ಕಡೆ ಸಹಾಯ ಕೇಳಿದಿರಿ, ಯಾರೂ ತಿರುಗಿ ನೋಡಲಿಲ್ಲ. ಈಗ ಎಲ್ಲ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡುವ ಯೋಚನೆ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳುವ ಕೆಲಸ ಅದು.

ಬಿಳಿ ಪುಟ ಬಂದರೆ ಸೈಟ್ ಹಾಳಾಯಿತು ಅಂತಲ್ಲ. ಪಿಎಚ್‌ಪಿ, ಅಂದರೆ ವರ್ಡ್‌ಪ್ರೆಸ್ ಬರೆದಿರುವ ಭಾಷೆ, ಸರ್ವರಿನಲ್ಲಿ ನಡೆಯುವಾಗ ಎಲ್ಲೋ ಎಡವಿ ಅಲ್ಲೇ ನಿಂತಿದೆ, ಅಷ್ಟೇ. ಯಾವ ಫೈಲಿನ ಯಾವ ಸಾಲಿನಲ್ಲಿ ಎಡವಿತು ಅನ್ನುವುದು ಅದಕ್ಕೆ ಗೊತ್ತು. ಬಂದವರಿಗೆಲ್ಲ ಅದನ್ನು ಹೇಳಬೇಡ ಅಂತ ಸರ್ವರ್ ಬಾಯಿ ಮುಚ್ಚಿಸಿರುತ್ತದೆ. ನಿಮ್ಮ ಬರಹ, ಪುಟ, ಕಮೆಂಟು ಎಲ್ಲ ಡೇಟಾಬೇಸ್‌ನಲ್ಲಿ ಹಾಗೇ ಇವೆ. ಚಿತ್ರಗಳು ಅಪ್‌ಲೋಡ್ಸ್ ಫೋಲ್ಡರಿನಲ್ಲಿವೆ. ವರ್ಡ್‌ಪ್ರೆಸ್‌ನ ಮೂಲ ಫೈಲುಗಳು ಯಾವಾಗ ಬೇಕಾದರೂ ಸಿಗುತ್ತವೆ, ಅವುಗಳ ಚಿಂತೆ ಬೇಡ. ಡೇಟಾಬೇಸ್, ಡಬ್ಲ್ಯೂಪಿ-ಕಂಟೆಂಟ್ ಫೋಲ್ಡರ್, ಡಬ್ಲ್ಯೂಪಿ-ಕಾನ್ಫಿಗ್ ಫೈಲು, ಈ ಮೂರು ಹೋದರೆ ಮಾತ್ರ ಮತ್ತೆ ಸಿಗುವುದಿಲ್ಲ. ಅವುಗಳದ್ದೊಂದು ನಕಲು ಈಗಲೇ ಇಳಿಸಿಕೊಳ್ಳಿ. ಡೇಟಾಬೇಸನ್ನು ಪಿಎಚ್‌ಪಿಮೈಅಡ್ಮಿನ್‌ನಲ್ಲಿ (ಡೇಟಾಬೇಸ್ ನೋಡಿಕೊಳ್ಳುವ ಸಾಧನ) ಎಕ್ಸ್‌ಪೋರ್ಟ್ ಮಾಡಿದರೆ ಆಯಿತು.

ಆಮೇಲೆ ಮೇಲ್ ನೋಡಿ, ಸ್ಪ್ಯಾಮ್ ಕೂಡ. 2019ರಲ್ಲಿ ಬಂದ 5.2 ಆವೃತ್ತಿಯಿಂದ ಈಚೆಗೆ ಇಂಥ ದೋಷ ಬಂದರೆ ವರ್ಡ್‌ಪ್ರೆಸ್ ತಾನೇ ಅಡ್ಮಿನ್ ವಿಳಾಸಕ್ಕೆ ಒಂದು ಮೇಲ್ ಕಳಿಸುತ್ತದೆ. ಅದರಲ್ಲಿ ರಿಕವರಿ ಮೋಡ್‌ನ ಲಿಂಕ್ ಇರುತ್ತದೆ. ಅದನ್ನು ಒತ್ತಿ ಲಾಗಿನ್ ಆದರೆ ತಪ್ಪು ಮಾಡಿದ ಪ್ಲಗಿನ್ ನಿಮ್ಮ ಮಟ್ಟಿಗೆ ನಿಂತಿರುತ್ತದೆ, ಅಡ್ಮಿನ್ ಪುಟ ತೆರೆಯುತ್ತದೆ. ಲಿಂಕ್ ಒಂದು ದಿನ ಮಾತ್ರ ನಡೆಯುತ್ತದೆ. ಎಷ್ಟೋ ಸೈಟುಗಳಲ್ಲಿ ಅಡ್ಮಿನ್ ವಿಳಾಸ ಯಾರೋ ಹಳಬರದ್ದೇ ಉಳಿದಿರುತ್ತದೆ, ಮೇಲ್ ಅವರಿಗೆ ಹೋಗಿರುತ್ತದೆ. ಅವರನ್ನೊಮ್ಮೆ ಕೇಳಿ.

ಮೇಲ್ ಸಿಗಲಿಲ್ಲವೇ? ಹೋಸ್ಟಿಂಗ್ ಪ್ಯಾನೆಲ್‌ನ (ಸೈಟಿಗೆ ಜಾಗ ಕೊಟ್ಟ ಕಂಪನಿಯ ನಿಯಂತ್ರಣ ಪುಟದ) ಫೈಲ್ ಮ್ಯಾನೇಜರ್ ತೆರೆದು ಡಬ್ಲ್ಯೂಪಿ-ಕಂಟೆಂಟ್ ಒಳಗಿನ ಪ್ಲಗಿನ್ಸ್ ಫೋಲ್ಡರಿನ ಹೆಸರು ಬದಲಿಸಿ. ಕೊನೆಗೆ ಒಂದು ಅಕ್ಷರ ಸೇರಿಸಿದರೂ ಸಾಕು. ಸೈಟ್ ತೆರೆದರೆ ತಪ್ಪು ಯಾವುದೋ ಪ್ಲಗಿನ್‌ನದ್ದೇ. ಅಡ್ಮಿನ್‌ನಲ್ಲಿ ಪ್ಲಗಿನ್ ಪಟ್ಟಿಯನ್ನು ಒಮ್ಮೆ ತೆರೆಯಿರಿ. ಫೈಲುಗಳು ಕಾಣದ ಕಾರಣ ಎಲ್ಲವೂ ತಾವಾಗಿಯೇ ಆಫ್ ಆಗುತ್ತವೆ. ಈಗ ಫೋಲ್ಡರಿಗೆ ಹಳೇ ಹೆಸರು ಕೊಟ್ಟು ಒಂದೊಂದೇ ಪ್ಲಗಿನ್ ಆನ್ ಮಾಡುತ್ತಾ ಬನ್ನಿ. ಯಾವುದಕ್ಕೆ ಮತ್ತೆ ಬಿಳಿಯಾಗುತ್ತದೋ ಅದೇ. ಪ್ಲಗಿನ್ ಸೆಟ್ಟಿಂಗ್‌ಗಳು ಡೇಟಾಬೇಸ್‌ನಲ್ಲಿ ಇರುವುದರಿಂದ ಇಷ್ಟಕ್ಕೆಲ್ಲ ಹೋಗುವುದಿಲ್ಲ.

ಆದರೆ ಯಾವುದು ಅಂತ ಗೊತ್ತಾದರೆ ಸಾಲದು, ಯಾಕೆ ಅಂತಲೂ ಗೊತ್ತಾಗಬೇಕು. ಅದಕ್ಕೆ ಲಾಗ್, ಅಂದರೆ ದೋಷಗಳನ್ನು ಬರೆದಿಡುವ ಫೈಲು, ಬೇಕು. ಡಬ್ಲ್ಯೂಪಿ-ಕಾನ್ಫಿಗ್ ಫೈಲಿನಲ್ಲಿ ಡಬ್ಲ್ಯೂಪಿ ಡೀಬಗ್ ಅನ್ನುವ ಸಾಲು ಈಗಾಗಲೇ ಇರುತ್ತದೆ, ಅದರಲ್ಲಿ ಫಾಲ್ಸ್ ಇದ್ದಲ್ಲಿ ಟ್ರೂ ಮಾಡಿ. ಕೆಳಗೆ ಇನ್ನೆರಡು ಸಾಲು ಸೇರಿಸಿ: ಡಬ್ಲ್ಯೂಪಿ ಡೀಬಗ್ ಲಾಗ್ ಟ್ರೂ, ಡಬ್ಲ್ಯೂಪಿ ಡೀಬಗ್ ಡಿಸ್‌ಪ್ಲೇ ಫಾಲ್ಸ್. (ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಫೈಲಿನಲ್ಲಿ ಈ ಹೆಸರುಗಳೆಲ್ಲ ಇಂಗ್ಲಿಷ್ ದೊಡ್ಡಕ್ಷರ, ಪದಗಳ ನಡುವೆ ಅಂಡರ್‌ಸ್ಕೋರ್. ಇರುವ ಸಾಲನ್ನೇ ನಕಲು ಮಾಡಿ ತಿದ್ದಿಕೊಂಡರೆ ತಪ್ಪಾಗುವುದಿಲ್ಲ.) ಈಗ ಬಿಳಿ ಪುಟವನ್ನು ಒಮ್ಮೆ ರಿಫ್ರೆಶ್ ಮಾಡಿ. ಡಬ್ಲ್ಯೂಪಿ-ಕಂಟೆಂಟ್ ಒಳಗೆ ಡೀಬಗ್ ಲಾಗ್ ಅನ್ನುವ ಫೈಲು ಹುಟ್ಟಿರುತ್ತದೆ.

ತೆರೆದರೆ ಗಾಬರಿಯಾಗಬೇಡಿ, ನೂರಾರು ಸಾಲು ಇರಬಹುದು. ನೋಟಿಸ್, ವಾರ್ನಿಂಗ್, ಡೆಪ್ರಿಕೇಟೆಡ್ ಅಂತ ಇರುವುದನ್ನೆಲ್ಲ ಸದ್ಯಕ್ಕೆ ಬಿಡಿ. ಕೆಳಗಿನಿಂದ ಮೇಲಕ್ಕೆ ಹೋಗುತ್ತಾ 'ಫೇಟಲ್ ಎರರ್' (ಸೈಟನ್ನೇ ನಿಲ್ಲಿಸುವ ದೋಷ) ಹುಡುಕಿ. ಹೊಸದು ಕೆಳಗಿರುತ್ತದೆ. ಅದರ ಮುಂದಿನ ಸಮಯ ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಲೆಕ್ಕದ್ದು, ನಿಮ್ಮ ಗಡಿಯಾರಕ್ಕೆ ಹೊಂದಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ.

ಆ ಸಾಲನ್ನು ಓದುವುದರಲ್ಲೇ ಹೆಚ್ಚಿನವರು ಮೋಸ ಹೋಗುವುದು. ನಾನೂ ಹೋಗಿದ್ದೆ. ಒಮ್ಮೆ ನನ್ನ ಸೈಟಿನಲ್ಲಿ 'ಹೆಡರ್ಸ್ ಆಲ್ರೆಡಿ ಸೆಂಟ್' ಅನ್ನುವ ವಾರ್ನಿಂಗ್ ಬಂತು (ಅದು ಫೇಟಲ್ ಅಲ್ಲ, ಆದರೆ ಸಾಲು ಓದುವ ಕ್ರಮ ಒಂದೇ). ಸಾಲಿನ ಕೊನೆಯಲ್ಲಿ ಪ್ಲಗಬಲ್ ಅನ್ನುವ ಫೈಲಿನ ಹೆಸರಿತ್ತು. ಅದು ವರ್ಡ್‌ಪ್ರೆಸ್‌ನದ್ದೇ ಮೂಲ ಫೈಲು. ಸರಿ, ಅದೇ ಕೆಟ್ಟಿದೆ ಅಂದುಕೊಂಡು ಮೂಲ ಫೈಲುಗಳನ್ನೆಲ್ಲ ಒಂದು ರಾತ್ರಿಯಲ್ಲಿ ಮೂರು ಸಲ ಹೊಸದಾಗಿ ಏರಿಸಿದೆ. ಏನೂ ಆಗಲಿಲ್ಲ. ಬೆಳಿಗ್ಗೆ ಗುರುತು ಪರಿಚಯ ಇಲ್ಲದ ಯಾರೋ ಒಂದೇ ಸಾಲು ಉತ್ತರ ಬರೆದಿದ್ದರು: "ಬ್ರಾಕೆಟ್ ಒಳಗೆ ಏನಿದೆ ಓದಿ." ಅಲ್ಲಿ 'ಔಟ್‌ಪುಟ್ ಸ್ಟಾರ್ಟೆಡ್ ಅಟ್' ಅಂತ ನನ್ನ ಥೀಮಿನ (ಸೈಟಿನ ರೂಪ ನಿರ್ಧರಿಸುವ ಫೈಲುಗಳ) ಫಂಕ್ಷನ್ಸ್ ಫೈಲಿನ ಹೆಸರು, ಸಾಲು 1 ಅಂತ ಇತ್ತು. ಹೋಗಿ ನೋಡಿದರೆ ಪಿಎಚ್‌ಪಿ ಶುರುವಾಗುವ ಗುರುತಿಗೆ ಮೊದಲು ಒಂದು ಖಾಲಿ ಸಾಲು! ನಾನೇ ಹಿಂದಿನ ದಿನ ಫೈಲು ತಿದ್ದುವಾಗ ಎಂಟರ್ ಒತ್ತಿಬಿಟ್ಟಿದ್ದೆ. ಆ ಖಾಲಿ ಸಾಲು ಅಳಿಸಿದೆ, ಸೈಟ್ ಸರಿಯಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂದರೆ ಏನು ಅಂತ ಆ ರಾತ್ರಿ ಗೊತ್ತಾಯಿತು.

ಮೆಮೊರಿ ಸಾಲದ ದೋಷವೂ ಹೀಗೇ. '134217728 ಬೈಟ್ ಮುಗಿಯಿತು' ಅಂತ ಬರುತ್ತದೆ. ಅದು 128 ಎಂಬಿ. ಕೊನೆಗೆ ಒಂದು ಫೈಲಿನ ಹೆಸರಿರುತ್ತದೆ. ಜಾಗವನ್ನೆಲ್ಲ ತಿಂದದ್ದು ಅದೇ ಅಂತ ಹೇಳಲಾಗದು, ಕೊನೇ ಚೂರು ಕೇಳಿದ್ದು ಮಾತ್ರ ಅದು. ತುಂಬಿದ ಬಸ್ಸಿಗೆ ಕೊನೆಗೆ ಹತ್ತಿದವನನ್ನು ಬೈದ ಹಾಗೆ ಆಗಬಾರದು, ಅಲ್ವಾ?

ನಿಮ್ಮ ವಿಷಯದಲ್ಲಿ ನನಗೆ ಅನುಮಾನ ಇರುವುದು ಪಿಎಚ್‌ಪಿ ಆವೃತ್ತಿಯ ಮೇಲೆ. ಹೊಸ ಪ್ಲಗಿನ್ ನಿಮ್ಮ ಸರ್ವರಿನಲ್ಲಿ ಇರುವುದಕ್ಕಿಂತ ಹೊಸ ಪಿಎಚ್‌ಪಿ ಕೇಳುತ್ತಿರಬಹುದು. ಇಲ್ಲವೇ ಹೋಸ್ಟಿಂಗ್‌ನವರು ಪಿಎಚ್‌ಪಿ ಮೇಲೇರಿಸಿ, ಹಳೇ ಪ್ಲಗಿನ್ ಅಲ್ಲಿ ನಡೆಯದೆ ಹೋಗಿರಬಹುದು. 2020ರ ಕೊನೆಗೆ ಬಂದ ಪಿಎಚ್‌ಪಿ 8ರಲ್ಲಿ 'ಕ್ರಿಯೇಟ್ ಫಂಕ್ಷನ್', 'ಈಚ್' ಥರದ ಕೆಲವು ಹಳೇ ಫಂಕ್ಷನ್‌ಗಳನ್ನು ತೆಗೆದೇ ಹಾಕಿದ್ದಾರೆ. ಲಾಗ್‌ನಲ್ಲಿ 'ಅನ್‌ಡಿಫೈನ್ಡ್ ಫಂಕ್ಷನ್' ಅಂತ ಇವುಗಳ ಹೆಸರು ಬಂದಿದ್ದರೆ ಕಾರಣ ಇದೇ. ತಪ್ಪು ಹೊಸ ಆವೃತ್ತಿಯ ಪ್ಲಗಿನ್‌ನದ್ದೇ ಆಗಿದ್ದರೆ, ವರ್ಡ್‌ಪ್ರೆಸ್‌ನ ಪ್ಲಗಿನ್ ಪುಟದ 'ಅಡ್ವಾನ್ಸ್ಡ್ ವ್ಯೂ'ನಲ್ಲಿ ಹಿಂದಿನ ಆವೃತ್ತಿಗಳು ಸಿಗುತ್ತವೆ. ಸದ್ಯಕ್ಕೆ ಹಳೆಯದನ್ನೇ ಹಾಕಿಕೊಂಡು ಕಾಯಿರಿ. ಸುಮ್ನೆ ಜಾಸ್ತಿ ದಿನ ಹಾಗೇ ಬಿಡಬೇಡಿ, ಹಳೇ ಆವೃತ್ತಿಯಲ್ಲಿ ಭದ್ರತೆಯ ತೂತುಗಳು ಇರಬಹುದು.

ಇನ್ನು, ಯಾರೂ ಉತ್ತರಿಸಲಿಲ್ಲ ಅನ್ನುವ ಬೇಸರ. ನೀವು ಕೇಳಿದ ರೀತಿಯನ್ನೂ ಇಲ್ಲಿ ಹಾಕಿದ್ದೀರಿ: "ಸೈಟ್ ಓಪನ್ ಆಗ್ತಿಲ್ಲ, ತುಂಬಾ ಅರ್ಜೆಂಟ್, ಪ್ಲೀಸ್ ಹೆಲ್ಪ್." ಬೇಜಾರು ಮಾಡಿಕೊಳ್ಳಬೇಡಿ, ಇದಕ್ಕೆ ನಾನೂ ಉತ್ತರ ಬರೆಯುತ್ತಿರಲಿಲ್ಲ. ವರ್ಡ್‌ಪ್ರೆಸ್ ಇರಲಿ, ಅದರಂಥವೇ ತಂತ್ರಾಂಶಗಳಾದ ಡ್ರುಪಾಲ್, ಜೂಮ್ಲಾ ಇರಲಿ, ಅಲ್ಲಿ ಉತ್ತರ ಹೇಳುವ ಹೆಚ್ಚಿನವರು ಸಂಬಳಕ್ಕೆ ಕೂತವರಲ್ಲ. ತಮ್ಮ ಕೆಲಸ ಮುಗಿಸಿ ಬಂದು ಸಿಕ್ಕ ಅರ್ಧ ಗಂಟೆಯಲ್ಲಿ ನಾಲ್ಕು ಪ್ರಶ್ನೆ ನೋಡುತ್ತಾರೆ. ನಿಮ್ಮ ಸರ್ವರ್ ಅವರಿಗೆ ಕಾಣುವುದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರಿಸಬೇಕಾದರೆ ಮೊದಲು ಅವರೇ ಹತ್ತು ಪ್ರಶ್ನೆ ಕೇಳಬೇಕು. ಪಕ್ಕದಲ್ಲಿ ಲಾಗ್ ಸಾಲು ಹಾಕಿದ ಇನ್ನೊಂದು ಪ್ರಶ್ನೆ ಇದ್ದರೆ ಅವರು ಅದನ್ನೇ ಎತ್ತಿಕೊಳ್ಳುತ್ತಾರೆ.

ಹೀಗೆ ಕೇಳಿ ನೋಡಿ: "ವರ್ಡ್‌ಪ್ರೆಸ್ ಇಂಥ ಆವೃತ್ತಿ, ಪಿಎಚ್‌ಪಿ ಇಂಥದ್ದು, ಥೀಮ್ ಇದು. ನಿನ್ನೆ ಇಷ್ಟು ಪ್ಲಗಿನ್ ಅಪ್‌ಡೇಟ್ ಮಾಡಿದೆ, ಅಲ್ಲಿಯವರೆಗೆ ಸರಿ ಇತ್ತು. ಪ್ಲಗಿನ್ ಫೋಲ್ಡರ್ ಹೆಸರು ಬದಲಿಸಿದರೆ ಸೈಟ್ ಬರುತ್ತದೆ. ಲಾಗ್‌ನ ಸಾಲು ಇದು." ಅಷ್ಟೇ ಸಾಕು. ದೋಷದ ಸಾಲನ್ನು ಫೋಟೋ ತೆಗೆದು ಹಾಕಬೇಡಿ, ಅಕ್ಷರವಾಗಿಯೇ ಅಂಟಿಸಿ. ಆಗ ಅದನ್ನು ಹುಡುಕಲು ಆಗುತ್ತದೆ. ಕೇಳುವುದನ್ನೂ ಆ ಪ್ಲಗಿನ್‌ನ ಸ್ವಂತ ಜಾಗದಲ್ಲೇ ಕೇಳಿ, ಅದನ್ನು ಬರೆದವರು ಬರುವುದು ಅಲ್ಲಿಗೆ. ದುಡ್ಡು ಕೊಟ್ಟು ಕೊಂಡ ಪ್ಲಗಿನ್ ಆಗಿದ್ದರೆ ಮಾರಿದವರನ್ನೇ ಹಿಡಿಯಿರಿ. ಅದರ ಕೋಡ್ ಸ್ವಯಂಸೇವಕರ ಹತ್ತಿರ ಇರುವುದಿಲ್ಲ.

ಒಂದು ಎಚ್ಚರ. ಪ್ರಶ್ನೆ ಹಾಕಿದ ಕೂಡಲೇ ಯಾರಾದರೂ ಖಾಸಗಿಯಾಗಿ ಮೆಸೇಜ್ ಮಾಡಿ, "ಅಡ್ಮಿನ್ ಪಾಸ್‌ವರ್ಡ್ ಕೊಡಿ, ಐದು ನಿಮಿಷದಲ್ಲಿ ಮಾಡಿಕೊಡುತ್ತೇನೆ" ಅಂದರೆ ಕೊಡಬೇಡಿ. ಒಳ್ಳೆಯವರೇ ಇರಬಹುದು, ಆದರೂ ಬೇಡ. ಡಬ್ಲ್ಯೂಪಿ-ಕಾನ್ಫಿಗ್ ಫೈಲನ್ನು ಪೂರ್ತಿ ಎಲ್ಲೂ ಅಂಟಿಸಬೇಡಿ, ಡೇಟಾಬೇಸ್ ಪಾಸ್‌ವರ್ಡ್ ಇರುವುದೇ ಅದರಲ್ಲಿ.

ಸರಿಯಾದ ಮೇಲೆ ಡೀಬಗ್ ಮತ್ತೆ ಫಾಲ್ಸ್ ಮಾಡಿ, ಲಾಗ್ ಫೈಲನ್ನು ಅಳಿಸಿ. ಅದು ಇರುವ ಜಾಗದಲ್ಲಿ ವಿಳಾಸ ಗೊತ್ತಿರುವ ಯಾರು ಬೇಕಾದರೂ ತೆರೆದು ಓದಬಹುದು. ನೀವು ಮೊದಲು ಕೇಳಿದ್ದ ಮೂರು ಕಡೆಯೂ ಹೋಗಿ ಏನಾಗಿತ್ತು, ಹೇಗೆ ಸರಿಯಾಯಿತು ಅಂತ ಎರಡು ಸಾಲು ಬರೆದುಬಿಡಿ. "ಸರಿ ಆಯ್ತು, ಥ್ಯಾಂಕ್ಸ್" ಅಂತ ಮಾತ್ರ ಬರೆದು ಹೋಗುವವರನ್ನು ಕಂಡರೆ ನನಗೆ ಭಾರಿ ಕೋಪ. ಅದೇ ದೋಷ ಹಿಡಿದು ಹುಡುಕುತ್ತಾ ಬಂದವರಿಗೆ ಅದರಿಂದ ಏನು ಸಿಗುತ್ತದೆ?

ಫೇಟಲ್ ಎರರ್ ಸಾಲು ಸಿಕ್ಕಿದರೆ ಇಲ್ಲೇ ಕೆಳಗೆ ಹಾಕಿ. ಸರ್ವರಿನ ಒಳಗಿನ ಫೋಲ್ಡರ್ ದಾರಿಯಲ್ಲಿ ನಿಮ್ಮ ಯೂಸರ್ ಹೆಸರು ಇದ್ದರೆ ಅದನ್ನು ಅಳಿಸಿ ಹಾಕಿ. ಪ್ಲಗಿನ್ಸ್ ಅನ್ನುವುದರಿಂದ ಮುಂದಿನ ಭಾಗ ಇದ್ದರೆ ನನಗೆ ಸಾಕು.