ಕೇಳಿ, ಹೇಳುತ್ತೇವೆ: ಅಂಗಡಿ, ಮಂಡಿ, ಲಾಡ್ಜಿನ ನೆಟ್‌ವರ್ಕ್

ಪ್ರಶ್ನೆ: ತುಮಕೂರಿನ ಮಂಡಿಪೇಟೆಯಲ್ಲಿ ನಮ್ಮದು ದಿನಸಿ ಸಗಟು ಅಂಗಡಿ. ಒಂಬತ್ತು ಕಂಪ್ಯೂಟರ್ ಇವೆ. ಒಂದರಲ್ಲಿ ಟ್ಯಾಲಿ (ಲೆಕ್ಕದ ಸಾಫ್ಟ್‌ವೇರ್) ಡೇಟಾ, ಉಳಿದ ಎಂಟೂ ಅದನ್ನೇ ತೆರೆಯುತ್ತವೆ. ಸಂಜೆ ಐದು ದಾಟಿದರೆ ಒಂದು ಬಿಲ್ ಸೇವ್ ಆಗಲು ಅರ್ಧ ನಿಮಿಷ ಬೇಕು. 100 ಎಂಬಿಪಿಎಸ್ ಪ್ಲಾನನ್ನು 300ಕ್ಕೆ ಏರಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ ಇಂಟರ್ನೆಟ್‌ನವರು. ಏರಿಸೋಣವೇ?

ಉತ್ತರ: ಬೇಡ. ಬಿಲ್ ಸೇವ್ ಮಾಡುವಾಗ ನಿಮ್ಮ ಟ್ಯಾಲಿ ಇಂಟರ್ನೆಟ್ ಕಡೆ ತಿರುಗಿಯೂ ನೋಡುವುದಿಲ್ಲ. ಇ-ಇನ್‌ವಾಯ್ಸ್, ಇ-ವೇ ಬಿಲ್ ಕಳಿಸುವಾಗಷ್ಟೇ ಹೊರಗೆ ಹೋಗುತ್ತದೆ, ಅದೂ ಕೆಲವೇ ಕೆಬಿ. ಅನುಮಾನವಿದ್ದರೆ ಸಂಜೆ ಐದೂವರೆಗೆ ರೂಟರಿಗೆ ಹೊರಗಿನಿಂದ ಬರುವ ಇಂಟರ್ನೆಟ್ ಕೇಬಲ್ ಒಂದನ್ನೇ ಎರಡು ನಿಮಿಷ ಕಿತ್ತು, ಒಂದು ಸಾದಾ ಬಿಲ್ ಸೇವ್ ಮಾಡಿ. ಆಗಲೂ ಅರ್ಧ ನಿಮಿಷ ಹಿಡಿದರೆ ರೋಗ ಅಂಗಡಿಯ ಒಳಗೇ ಇದೆ.

ಒಳಗೆ ಎಲ್ಲಿ ಎಂದು ಹುಡುಕಲು ಯಾರನ್ನೂ ಕರೆಯಬೇಕಿಲ್ಲ. ಮೊದಲು ಪ್ರತಿ ಕಂಪ್ಯೂಟರಿನಲ್ಲೂ ವಿಂಡೋಸ್ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ಈಥರ್ನೆಟ್ (ಕೇಬಲ್ ಸಂಪರ್ಕ) ಲಿಂಕ್ ಸ್ಪೀಡ್ ನೋಡಿ, ಕಾಗದದಲ್ಲಿ ಬರೆದಿಡಿ. 1000/1000 ಎಂಬಿಪಿಎಸ್ (ಅಂದರೆ ಗಿಗಾಬಿಟ್) ಇರಬೇಕಾದ ಕಡೆ 100/100 ಇದ್ದರೆ ಒಂದೋ ಸ್ವಿಚ್ (ಎಲ್ಲ ಕಂಪ್ಯೂಟರಿನ ಕೇಬಲ್ ಬಂದು ಸೇರುವ ಪೆಟ್ಟಿಗೆ) ಹಳೆಯದು, ಇಲ್ಲವೇ ಕೇಬಲಿನಲ್ಲಿ ತೊಂದರೆ. ಆಮೇಲೆ ಟ್ಯಾಲಿ ಡೇಟಾ ಇರುವ ಮೇನ್ ಮಷೀನಿನಿಂದ 1 ಜಿಬಿಯ ಒಂದು ಫೈಲನ್ನು ಕೌಂಟರ್ ಮಷೀನಿಗೆ ಕಾಪಿ ಮಾಡಿ. ಗಿಗಾಬಿಟ್ ಲಿಂಕ್ ಸರಿಯಿದ್ದರೆ ಹತ್ತು ಹನ್ನೆರಡು ಸೆಕೆಂಡಿನಲ್ಲಿ ಮುಗಿಯುತ್ತದೆ. 100ರ ಲಿಂಕಾದರೆ ವೇಗ ಸೆಕೆಂಡಿಗೆ 12 ಎಂಬಿ ದಾಟುವುದಿಲ್ಲ, ಒಂದೂವರೆ ನಿಮಿಷ ಹಿಡಿಯುತ್ತದೆ. ಮೂರನೆಯದು, ಸಂಜೆ ರಶ್ ಹೊತ್ತಿನಲ್ಲಿ ಮೇನ್ ಮಷೀನಿನ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಳ್ಳಿ. ಡಿಸ್ಕ್ 100 ಪರ್ಸೆಂಟಿಗೆ ಅಂಟಿಕೊಂಡು ಈಥರ್ನೆಟ್ ಸುಮ್ಮನೆ ಕೂತಿದ್ದರೆ ಕೇಬಲಿನ ತಪ್ಪೇನಿಲ್ಲ, ತಿರುಗುವ ಹಾರ್ಡ್ ಡಿಸ್ಕಿಗೆ ಏದುಸಿರು ಬಂದಿದೆ. ಎಂಟು ಜನ ಒಂದೇ ಡಿಸ್ಕಿನಲ್ಲಿ ಚೂರು ಚೂರಾಗಿ ಓದಿ ಬರೆಯುವ ಇಂಥ ಅಂಗಡಿಯಲ್ಲಿ ನಾವು ಮೊದಲು ಅನುಮಾನಿಸುವುದು ಅದನ್ನೇ. 500 ಜಿಬಿಯ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ, ಹಳೆಯ ಡಿಸ್ಕಿನಲ್ಲಿರುವುದನ್ನೆಲ್ಲ ಹಾಗೆಯೇ ಅದಕ್ಕೆ ಕ್ಲೋನ್ ಮಾಡಿಸಿ.

ಇನ್ನು ಕೇಬಲ್. ತುದಿಯ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆಯಿರಿ. ಕೆಂಪು ಹೋಗಿ ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಎಷ್ಟೇ ಅಗ್ಗವಾದರೂ ಬೇಡ. ನಾಲ್ಕು ಸಲ ಬಗ್ಗಿಸಿದರೆ ಒಳಗೇ ಮುರಿಯುತ್ತದೆ. ಪೂರ್ತಿ ತಾಮ್ರದ ಕ್ಯಾಟ್ 6 ದರ್ಜೆಯ ಕೇಬಲ್ ತನ್ನಿ, 305 ಮೀಟರಿನ ಒಂದು ಬಾಕ್ಸ್ ನಿಮ್ಮ ಅಂಗಡಿಗೆ ಮಿಕ್ಕುತ್ತದೆ. ಕನೆಕ್ಟರಿಗೆ ಎಂಟೂ ತಂತಿ ಈ ಸಾಲಿನಲ್ಲಿ ಕೂರಬೇಕು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ನಾಲ್ಕೇ ತಂತಿ ಹಾಕಿ ಕೈ ತೊಳೆದುಕೊಂಡಿದ್ದರೆ ಲಿಂಕ್ 100ರ ಮೇಲೆ ಏರುವುದಿಲ್ಲ. ಇದಕ್ಕಿಂತ ಮೋಸದ್ದು ಇನ್ನೊಂದಿದೆ. ಎರಡೂ ತುದಿಯಲ್ಲಿ ಒಂದೇ ತಪ್ಪು ಸಾಲು, ಉದಾಹರಣೆಗೆ ಬಣ್ಣಗಳನ್ನು ಜೋಡಿ ಜೋಡಿಯಾಗಿ ನೇರಕ್ಕೆ ಜೋಡಿಸಿದರೆ, ಕೇಬಲ್ ಟೆಸ್ಟರಿನ ಎಂಟೂ ದೀಪ ಸರಿಯಾಗಿಯೇ ಹೊತ್ತುತ್ತವೆ. ಆದರೆ ಒಂದಕ್ಕೊಂದು ಹೆಣೆದುಕೊಂಡ ಜೋಡಿ ಒಡೆದು ಸಿಗ್ನಲ್‌ಗಳು ಒಂದರ ಮೇಲೊಂದು ಬೀಳುತ್ತವೆ. ದೀಪ ನೋಡಿ ನಂಬಬೇಡಿ, ಬಣ್ಣ ನೋಡಿ.

ಸ್ವಿಚ್ಚಿಗೆ ಸ್ವಿಚ್ಚು, ಅದಕ್ಕೆ ಮತ್ತೊಂದು ಎಂದು ಮೂರು ನಾಲ್ಕು ಪೋಣಿಸಿದ್ದರೆ ಎಲ್ಲ ತೆಗೆದು 16 ಪೋರ್ಟಿನ ಒಂದೇ ಗಿಗಾಬಿಟ್ ಸ್ವಿಚ್ ಇಡಿ. ಹಳೆಯ ರೂಟರನ್ನು ಸ್ವಿಚ್ಚಿನಂತೆ ಬಳಸುತ್ತಿದ್ದರೆ ಅದರ ಡಿಎಚ್‌ಸಿಪಿ (ಕಂಪ್ಯೂಟರುಗಳಿಗೆ ನೆಟ್‌ವರ್ಕ್ ವಿಳಾಸ ಹಂಚುವ ಸೌಲಭ್ಯ) ಆಫ್ ಮಾಡಿ. ಇಲ್ಲವಾದರೆ ಕೆಲವು ಕಂಪ್ಯೂಟರಿಗೆ 192.168.1, ಕೆಲವಕ್ಕೆ 192.168.0 ಎಂದು ವಿಳಾಸ ಸಿಕ್ಕಿ, ಬೆಳಗ್ಗೆ ಕಂಡ ಮೇನ್ ಮಷೀನ್ ಮಧ್ಯಾಹ್ನ ಕಾಣೆಯಾಗುತ್ತದೆ. ಟ್ಯಾಲಿ ಮಷೀನುಗಳನ್ನು ವೈಫೈನಲ್ಲಿ ಓಡಿಸಬೇಡಿ. ಬರೆಯುತ್ತಿರುವಾಗ ಸಂಪರ್ಕ ತಪ್ಪಿದರೆ ಡೇಟಾ ರಿಪೇರಿಗೆ ಕೂರಬೇಕಾಗುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮೇನ್ ಮಷೀನಿನ ಇಂಟೆಲ್ ಪ್ರೊಸೆಸರ್ 8ನೇ ತಲೆಮಾರಿಗಿಂತ ಹಳೆಯದಾದರೆ ಅದಕ್ಕೆ ವಿಂಡೋಸ್ 11 ಅಧಿಕೃತವಾಗಿ ಕೂರುವುದಿಲ್ಲ. ಆಗ ಎಸ್‌ಎಸ್‌ಡಿಗೆ ಹಣ ಹಾಕುವ ಬದಲು ಮಷೀನನ್ನೇ ಬದಲಾಯಿಸಿ.

ಪ್ರಶ್ನೆ: ಕೋಲಾರದಲ್ಲಿ ಟೊಮೆಟೊ ಮಂಡಿ. ಆಫೀಸಿನಿಂದ ತೂಕದ ಶೆಡ್ಡಿಗೆ 130 ಮೀಟರ್ ಲ್ಯಾನ್ ಕೇಬಲ್ ಎಳೆದಿದ್ದೇವೆ. ಸಂಪರ್ಕ ಬರುತ್ತೆ, ಹೋಗುತ್ತೆ. ಮೇ ತಿಂಗಳ ಗುಡುಗು ಮಳೆಗೆ ಎರಡು ಕಡೆಯ ಸ್ವಿಚ್ಚೂ ಸುಟ್ಟವು. ಸರ್ಜ್ ಪ್ರೊಟೆಕ್ಟರ್ ಹಾಕಿದರೆ ಸಾಕೇ?

ಉತ್ತರ: ಸಾಲದು. ತಾಮ್ರದ ಲ್ಯಾನ್ ಕೇಬಲಿಗೆ 100 ಮೀಟರ್ ಗಡಿ. ಅದನ್ನು ದಾಟಿದ್ದಕ್ಕೇ ಬಂದು ಹೋಗುವ ಆಟ. ಮಧ್ಯದಲ್ಲೊಂದು ಸ್ವಿಚ್ ಇಟ್ಟರೆ ದೂರದ ತೊಂದರೆ ತೀರುತ್ತದೆ, ಸಿಡಿಲಿನದು ತೀರುವುದಿಲ್ಲ. ಎರಡು ಕಟ್ಟಡಕ್ಕೆ ಬೇರೆ ಬೇರೆ ಅರ್ತಿಂಗ್ ಇದೆ. ಹತ್ತಿರದಲ್ಲೆಲ್ಲೋ ಸಿಡಿಲು ಬಡಿದಾಗ ಎರಡು ನೆಲದ ವೋಲ್ಟೇಜ್ ಒಂದೇ ಆಗಿರದೆ, ಆ ವ್ಯತ್ಯಾಸ ನಿಮ್ಮ ತಾಮ್ರದ ತಂತಿಯನ್ನೇ ದಾರಿ ಮಾಡಿಕೊಳ್ಳುತ್ತದೆ.

ಫೈಬರ್ ಎಳೆಸಿ. ಅದು ಗಾಜಿನ ಎಳೆ, ಒಳಗೆ ಹೋಗುವುದು ಬೆಳಕು, ಕರೆಂಟ್ ಹರಿಯುವುದಿಲ್ಲ. ಸಿಂಗಲ್ ಮೋಡ್ ಎಂಬ ಬಗೆಯದು, ನಾಲ್ಕು ಕೋರಿನದು (ನಾಲ್ಕು ಎಳೆಯದು). ಬಳಕೆಗೆ ಒಂದು, ಉಳಿದ ಮೂರು ಮುಂದಕ್ಕೆ. ಒಳಗೆ ಲೋಹವಿಲ್ಲದ ಕೇಬಲನ್ನೇ ಕೇಳಿ, ಎಚ್‌ಡಿಪಿಇ ಪೈಪಿನೊಳಗೆ ಹಾಯಿಸಿ. ಮಂಡಿಯಲ್ಲಿ ಇಲಿಗಳಿಗೇನು ಬರವೇ! ಎರಡು ತುದಿಗೆ ಒಂದು ಜೊತೆ ಗಿಗಾಬಿಟ್ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲಿಗೆ ಬೆಸೆಯುವ ಪೆಟ್ಟಿಗೆ) ಸಾಕು. ಒಂದೇ ಎಳೆಯಲ್ಲಿ ಹೋಗಿ ಬರುವ ಮಾದರಿಯಾದರೆ ಒಂದು ಎ, ಇನ್ನೊಂದು ಬಿ ಆಗಿರಲೇಬೇಕು. ಒಂದು 1310 ನ್ಯಾನೋಮೀಟರಿನಲ್ಲಿ ಕಳಿಸಿ 1550ರಲ್ಲಿ ಕೇಳುತ್ತದೆ, ಇನ್ನೊಂದು ಅದಕ್ಕೆ ಉಲ್ಟಾ. ಎರಡೂ ಎ ತಂದರೆ ಫೈಬರ್ ದೀಪ ಹೊತ್ತುವುದೇ ಇಲ್ಲ. ಕನೆಕ್ಟರಿನ ಬಣ್ಣವನ್ನೂ ನೋಡಿ. ಹಸಿರಿನ ಮುಖ 8 ಡಿಗ್ರಿ ಓರೆ, ನೀಲಿಯದು ಓರೆಯಿಲ್ಲ. ಹಸಿರನ್ನು ನೀಲಿಗೆ ತುರುಕಿದರೆ ಬೆಳಕು ಸೋರುತ್ತದೆ. ತುದಿ ಜೋಡಿಸಲು ಸ್ಪ್ಲೈಸಿಂಗ್ ಮಷೀನ್ ಬೇಕು, ಊರಿನ ಬ್ರಾಡ್‌ಬ್ಯಾಂಡ್ ಕೆಲಸದವರ ಬಳಿ ಇರುತ್ತದೆ. ಸಿಡಿಲು ಕರೆಂಟ್ ಲೈನಿನಿಂದಲೂ ಬರುತ್ತದೆ, ಹಾಗಾಗಿ ಅರ್ತಿಂಗ್ ಕೂಡ ಪರೀಕ್ಷೆಯಾಗಲಿ. ನ್ಯೂಟ್ರಲ್ ಮತ್ತು ಅರ್ತ್ ನಡುವೆ ಮೂರು ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಪ್ರಶ್ನೆ: ಚಿಕ್ಕಬಳ್ಳಾಪುರದಲ್ಲಿ ನಂದಿ ಬೆಟ್ಟಕ್ಕೆ ಬರುವವರಿಗಾಗಿ ಲಾಡ್ಜ್ ನಡೆಸುತ್ತೇವೆ. ಎಂಟು ಐಪಿ ಕ್ಯಾಮೆರಾ ಹಗಲೆಲ್ಲ ಸರಿ, ಕತ್ತಲಾದ ಮೇಲೆ ಎರಡು ಮಾತ್ರ ಸತ್ತು ಹುಟ್ಟುತ್ತವೆ. ಕ್ಯಾಮೆರಾ ಬದಲಾಯಿಸಿದರೂ ಅದೇ ಕಥೆ.

ಉತ್ತರ: ಕತ್ತಲಾದಾಗ ಕ್ಯಾಮೆರಾದ ಇನ್‌ಫ್ರಾರೆಡ್ ದೀಪಗಳು ಹೊತ್ತಿ ಹೆಚ್ಚು ಕರೆಂಟ್ ಎಳೆಯುತ್ತವೆ. ಪಿಒಇ ಸ್ವಿಚ್ಚಿನ (ಲ್ಯಾನ್ ಕೇಬಲಿನಲ್ಲೇ ಕ್ಯಾಮೆರಾಕ್ಕೆ ಕರೆಂಟ್ ಕೊಡುವ ಸ್ವಿಚ್) ಹಿಂದೆ ಬರೆದ ಒಟ್ಟು ವ್ಯಾಟ್ ನೋಡಿ. ಪೋರ್ಟಿಗೆ 15.4 ವ್ಯಾಟ್ ಎಂದಿದ್ದರೂ ಒಟ್ಟು 60 ಇದ್ದರೆ, ರಾತ್ರಿ 8 ವ್ಯಾಟ್ ಎಳೆಯುವ ಎಂಟು ಕ್ಯಾಮೆರಾಕ್ಕೆ 64 ಬೇಕಾಯಿತು. ಕೊನೆಯ ಒಂದೆರಡು ಬೀಳುತ್ತವೆ. 96 ಅಥವಾ 120 ವ್ಯಾಟಿನ ಸ್ವಿಚ್ ಹಾಕಿ. ಲೆಕ್ಕ ಸರಿಯಿದ್ದೂ ಬೀಳುತ್ತಿದ್ದರೆ ಆ ಎರಡರ ಕೇಬಲ್ ಕೆರೆದು ನೋಡಿ, ಮೇಲೆ ಹೇಳಿದ ಅಲ್ಯೂಮಿನಿಯಂ ಇದ್ದೀತು. ಉದ್ದ ಹೆಚ್ಚಾದಷ್ಟೂ ಅದರಲ್ಲಿ ವೋಲ್ಟೇಜ್ ಇಳಿಯುತ್ತದೆ.

ನೀವು ಕೇಳಲಿಲ್ಲ, ಆದರೂ: ಅತಿಥಿಗಳ ವೈಫೈ ಮತ್ತು ಕ್ಯಾಮೆರಾ ಒಂದೇ ನೆಟ್‌ವರ್ಕಿನಲ್ಲಿದ್ದರೆ ಇವತ್ತೇ ಬೇರ್ಪಡಿಸಿ. ರೂಟರಿನ ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ ಅತಿಥಿಗಳಿಗೆ ಅದರ ಪಾಸ್‌ವರ್ಡನ್ನಷ್ಟೇ ಕೊಡಿ. ಆಮೇಲೆ ಆ ವೈಫೈಗೆ ಫೋನ್ ಸೇರಿಸಿ ಎನ್‌ವಿಆರ್ (ಕ್ಯಾಮೆರಾ ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ) ವಿಳಾಸ ತೆರೆದು ನೋಡಿ, ತೆರೆಯಬಾರದು. ಎನ್‌ವಿಆರ್‌ನ ಪಾಸ್‌ವರ್ಡ್ ಇನ್ನೂ ಹಾಕಿಕೊಟ್ಟವರು ಇಟ್ಟದ್ದೇ ಇದ್ದರೆ ಬದಲಿಸಿ.

ಪ್ರಶ್ನೆ: ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಘಟಕ. ಲೆಕ್ಕದ ಡೇಟಾವನ್ನು ದಿನಾ ಅದೇ ಕಂಪ್ಯೂಟರಿನ ಡಿ ಡ್ರೈವಿಗೆ ಕಾಪಿ ಮಾಡುತ್ತೇವೆ. ಸಾಕಲ್ಲವೇ?

ಉತ್ತರ: ಸಿ ಮತ್ತು ಡಿ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಪಾಲು, ಹೋದರೆ ಒಟ್ಟಿಗೇ ಹೋಗುತ್ತವೆ. ಎರಡು ಹೊರ ಡಿಸ್ಕ್ ತಂದು ದಿನ ಬಿಟ್ಟು ದಿನ ಅದಲು ಬದಲು ಮಾಡಿ. ಕಾಪಿ ಮುಗಿದ ಕೂಡಲೇ ಕಿತ್ತಿಡಿ. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದರೆ ಚುಚ್ಚಿಕೊಂಡೇ ಇರುವ ಡಿಸ್ಕನ್ನೂ ಬಿಡುವುದಿಲ್ಲ. ತಿಂಗಳಿಗೊಮ್ಮೆ ಆ ಕಾಪಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಕೊನೆಯ ಬಿಲ್ ನಂಬರ್ ಪುಸ್ತಕದೊಂದಿಗೆ ತಾಳೆ ನೋಡಿ.