ಏಳನೇ ತಿಂಗಳಲ್ಲಿ ಬಿಪಿ 146/94 ಇದೆ, ಹೊಸನಗರದ ಹಳ್ಳಿಯಲ್ಲಿದ್ದೇವೆ. ಮುಂದಿನ ತಪಾಸಣೆಯವರೆಗೆ ಕಾಯಬಹುದೇ?

ದಯವಿಟ್ಟು ಕಾಯಬೇಡಿ. ಗರ್ಭಕ್ಕೆ 20 ವಾರ ತುಂಬಿದ ಮೇಲೆ ರಕ್ತದೊತ್ತಡವು 140/90 ಅಥವಾ ಅದಕ್ಕಿಂತ ಹೆಚ್ಚಾಗಿದ್ದು, ಮತ್ತೊಮ್ಮೆ ಅಳೆದಾಗಲೂ ಇಳಿಯದಿದ್ದರೆ, ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯೇ, ಯಕೃತ್ತು, ಮೂತ್ರಪಿಂಡ, ಪ್ಲೇಟ್‌ಲೆಟ್‌ಗಳು ಸರಿಯಾಗಿವೆಯೇ ಎಂದು ಕೂಡಲೇ ನೋಡಬೇಕಾಗುತ್ತದೆ. ಏಕೆಂದರೆ ಇದು ಪ್ರೀಎಕ್ಲಾಂಪ್ಸಿಯಾ (ಗರ್ಭಿಣಿಯರಲ್ಲಿ ರಕ್ತದೊತ್ತಡ ಏರಿ ಅಂಗಾಂಗಗಳಿಗೆ ತೊಂದರೆಯಾಗುವ ಕಾಯಿಲೆ) ಆಗಿದ್ದರೆ ತಾಯಿಗೆ ಫಿಟ್ಸ್ ಬರಬಹುದು, ಮಗುವಿನ ಬೆಳವಣಿಗೆಯೂ ಕುಂಠಿತವಾಗಬಹುದು. ಏನೂ ತೊಂದರೆ ಅನ್ನಿಸದಿರುವುದು ಧೈರ್ಯಕ್ಕೆ ಕಾರಣವಲ್ಲ.

ಒತ್ತಡ 160/110 ಮುಟ್ಟಿದರೆ, ಅಥವಾ ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಬಲ ಪಕ್ಕೆಲುಬಿನ ಕೆಳಗೆ ನೋವು ಕಾಣಿಸಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚುವುದುಂಟು, ಆದ್ದರಿಂದ ಲಕ್ಷಣಗಳು ಕಾಣುವ ಮೊದಲೇ, ಇಂದೇ, ತಾಯಿ ಕಾರ್ಡ್ ಹಿಡಿದು ಪ್ರಸೂತಿ ತಜ್ಞರಿರುವ ಆಸ್ಪತ್ರೆಗೆ ಹೊರಡಿ. ಹೆರಿಗೆಯಾದ ಮೇಲೂ ಕೆಲವು ವಾರ ಬಿಪಿ ನೋಡಿಸುತ್ತಿರಬೇಕು.