ಹಾರ್ಟ್ ಡಾಕ್ಟರ್ ಬರ್ತಾರೆ, ಆದರೆ ಯಾಕೆ ನಿಲ್ಲೋದಿಲ್ಲ?

ಪ್ರಶ್ನೆ: ಕಲಬುರಗಿಯ ಒಂದು ಟ್ರಸ್ಟಿನ ಮೆಡಿಕಲ್ ಕಾಲೇಜು ಆಸ್ಪತ್ರೆಯ ಆಡಳಿತ ಸಮಿತಿಯಲ್ಲಿದ್ದೇನೆ. ಹೃದಯ ತಜ್ಞರು ಬೇಕು ಅಂತ ಒಂದೇ ವರ್ಷದಲ್ಲಿ ಮೂರು ಸಲ ಜಾಹೀರಾತು ಕೊಟ್ಟೆವು. ಮೊದಲ ಸಲ ಯಾರೂ ಬರಲಿಲ್ಲ. ಎರಡನೇ ಸಲ ಬಂದವರು ಆಸ್ಪತ್ರೆ ಸುತ್ತಾಡಿ ನೋಡಿ ಹೋದರು, ಆಮೇಲೆ ಫೋನ್ ಎತ್ತಲಿಲ್ಲ. ಮೂರನೆಯವರು ಸೇರಿದ ನಾಲ್ಕೇ ತಿಂಗಳಿಗೆ ಬಿಟ್ಟರು. ಸಂಬಳ ಚೆನ್ನಾಗೇ ಕೊಡ್ತೀವಿ ಮೇಡಂ. ಇನ್ನೂ ಜಾಸ್ತಿ ಮಾಡಬೇಕಾ?
— ಓದುಗರು, ಕಲಬುರಗಿ

ಉತ್ತರ: ಸಂಬಳದ ಮಾತು ಆಮೇಲೆ ಆಡೋಣ ಸರ್. ಎರಡನೇ ಸಲ ಬಂದವರು ಆಸ್ಪತ್ರೆ ಸುತ್ತಾಡಿ ನೋಡಿದರು ಅಂದಿರಲ್ಲ, ಅವರಿಗೆ ನೀವು ಏನೇನು ತೋರಿಸಿದಿರಿ? ಕ್ಯಾತ್ ಲ್ಯಾಬ್ (ಕ್ಯಾತೆಟರ್ ಅನ್ನೋ ತೆಳು ಕೊಳವೆ ತೂರಿಸಿ ಹೃದಯದ ರಕ್ತನಾಳ ನೋಡುವ, ತೆರೆಯುವ ಕೋಣೆ) ತೋರಿಸಿದಿರಾ, ಇಲ್ಲ ಕ್ಯಾತ್ ಲ್ಯಾಬ್ ಬರಬೇಕಾದ ಖಾಲಿ ಕೋಣೆ ತೋರಿಸಿದಿರಾ? ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ಬಹಳ ವರ್ಷಗಳ ಹಿಂದೆ, ಜಯದೇವ ಹೃದ್ರೋಗ ಆಸ್ಪತ್ರೆ ಇನ್ನೂ ಕಲಬುರಗಿಗೆ ಬಂದಿರಲಿಲ್ಲ, ನಾನು ಮೆಡಿಸಿನ್ ವಿಭಾಗದಲ್ಲಿದ್ದ ಒಂದು ಆಸ್ಪತ್ರೆಗೆ ಒಬ್ಬ ಹುಡುಗ ಬಂದ. ಹೃದಯ ತಜ್ಞರಾಗಲು ಓದುವ ಡಿಎಂ ಪದವಿ ಮುಗಿಸಿ ಎರಡು ತಿಂಗಳಾಗಿತ್ತು. ನಮ್ಮ ಚಿಂಚೋಳಿ ಕಡೆಯವನೇ. ಊರಲ್ಲೇ ಕೆಲಸ ಮಾಡಬೇಕು ಅಂತ ಆಸೆಯಿಂದ ಬಂದವನು. ನಮ್ಮ ಹತ್ತಿರ ಹೃದಯ ಸ್ಕ್ಯಾನ್ ಮಾಡುವ ಎಕೋ ಮೆಷಿನ್ ಇತ್ತು. ಇತ್ತು ಅಂದರೆ, ಆಪರೇಷನ್ ಥಿಯೇಟರಿನ ಹಸಿರು ಬಟ್ಟೆ ಹೊದ್ದುಕೊಂಡು ಬೀಗ ಹಾಕಿದ ಕೋಣೆಯಲ್ಲಿ ನಿಂತಿತ್ತು. ಬೀಗದ ಕೈ ಸ್ಟೋರ್ ಕೀಪರ್ ಹತ್ತಿರ. ಮೆಷಿನ್ನಿನ ನೋಂದಣಿ ಕಾಗದ ಬಂದಿರಲಿಲ್ಲ, ಅದು ಬರೋವರೆಗೂ ಮುಟ್ಟುವಂತಿರಲಿಲ್ಲ (ಸ್ಕ್ಯಾನಿಂಗ್ ಮೆಷಿನ್‌ಗಳಿಗಿರುವ, ಭ್ರೂಣಲಿಂಗ ಪತ್ತೆ ತಡೆಯುವ ಪಿಸಿಪಿಎನ್‌ಡಿಟಿ ಕಾನೂನು ಎಕೋ ಮೆಷಿನ್‌ಗೂ ಅನ್ವಯಿಸುತ್ತದೆ, ಇದು ಎಷ್ಟೋ ಆಡಳಿತ ಮಂಡಳಿಗಳಿಗೆ ಮೆಷಿನ್ ಬಂದು ಇಳಿದ ಮೇಲೆ ಗೊತ್ತಾಗುತ್ತದೆ). ಕ್ಯಾತ್ ಲ್ಯಾಬ್ ಟೆಂಡರ್ ಹಂತದಲ್ಲಿದೆ ಅಂತ ಹೇಳಿ ಕರೆಸಿದ್ದರು. ಮೂರು ತಿಂಗಳು ಆ ಹುಡುಗ ಓಪಿಡಿಯಲ್ಲಿ ಕೂತು ಇಸಿಜಿ ಓದಿದ, ಬಿಪಿ ಗುಳಿಗೆ ಬರೆದ.

ಒಂದು ರಾತ್ರಿ ಆಳಂದ ಕಡೆಯಿಂದ ಒಬ್ಬ ರೈತರನ್ನು ಕರೆತಂದರು. ತೊಗರಿ ರಾಶಿ ಮಾಡುವಾಗ ಎದೆ ಹಿಡಿದುಕೊಂಡಿದೆ. ನೋವು ಶುರುವಾಗಿ ಒಂದೂವರೆ ಗಂಟೆಯೊಳಗೇ ಬಂದಿದ್ದರು, ಅಂಗಿಯ ಮೇಲೆ ಹೊಟ್ಟಿನ ಧೂಳು ಹಾಗೇ ಇತ್ತು. ಇಸಿಜಿ ನೋಡಿದ ತಕ್ಷಣ ರಕ್ತ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟೆವು. ತೊಂಬತ್ತು ನಿಮಿಷ ಕಾದು ಮತ್ತೆ ಇಸಿಜಿ ತೆಗೆದೆವು. ಗೆರೆ ಇಳಿದಿಲ್ಲ, ನೋವೂ ಇಳಿದಿಲ್ಲ. ಅಂದರೆ ಹೆಪ್ಪು ಕರಗಿಲ್ಲ, ಈಗಲೇ ಬಲೂನ್ ಹಾಕಿ ರಕ್ತನಾಳ ತೆರೆಯಬೇಕು. ಆ ಕೆಲಸ ಬಲ್ಲವನು ನಮ್ಮ ಪಕ್ಕದಲ್ಲೇ ನಿಂತಿದ್ದ, ಕೈಯಲ್ಲಿ ಇಸಿಜಿ ಕಾಗದ ಹಿಡಿದುಕೊಂಡು. ಆಂಬುಲೆನ್ಸ್ ಸೋಲಾಪುರಕ್ಕೆ ಹೊರಟಿತು, ನೂರು ಕಿಲೋಮೀಟರಿಗೂ ಜಾಸ್ತಿ ದಾರಿ. ಅವರ ಮಗ ಹತ್ತುವ ಮುಂಚೆ ಕೇಳಿದ, "ಸಾಹೇಬ್ರ, ನೀವು ಹಾರ್ಟ್ ಡಾಕ್ಟರ್ ಇದ್ದೀರಿ ಅಂತಾರಲ್ರೀ, ಮತ್ತ ಸೋಲಾಪುರಕ್ಕ ಯಾಕ ಕಳಸ್ತೀರಿ?"

ಆ ಹುಡುಗ ಮಾತಾಡಲಿಲ್ಲ. ಮುಂದಿನ ವಾರ ರಾಜೀನಾಮೆ ಕೊಟ್ಟ. ಆಡಳಿತದವರು ಸಂಬಳ ಹೆಚ್ಚಿಸುತ್ತೇವೆ ಅಂತ ಅವನ ಹಿಂದೆ ಓಡಾಡಿದರು.

ಲೆಕ್ಕ ಹಾಕಿ ನೋಡಿ. ಎಂಬಿಬಿಎಸ್ ಐದೂವರೆ ವರ್ಷ, ಎಂಡಿ ಮೂರು ವರ್ಷ, ಡಿಎಂ ಮತ್ತೆ ಮೂರು ವರ್ಷ. ಎಲ್ಲೂ ನಿಲ್ಲದೆ ಓದಿದರೂ ಹನ್ನೊಂದೂವರೆ ವರ್ಷ, ನಡುವೆ ಎರಡು ನೀಟ್ ಪರೀಕ್ಷೆ ಬೇರೆ. ಕೊನೆಯ ಮೂರು ವರ್ಷ ಹಗಲು ರಾತ್ರಿ ಕ್ಯಾತೆಟರ್ ಹಿಡಿದ ಕೈ ಅದು. ಆ ಕೈಗೆ ಕೆಲಸ ಇಲ್ಲದಿದ್ದರೆ ಕಲಿತದ್ದು ಮರೆತು ಹೋಗುತ್ತದೆ, ಆ ಭಯ ಅವರಿಗೆ ಸಂಬಳಕ್ಕಿಂತ ದೊಡ್ಡದು. ಹಲ್ಲಿದ್ದವರಿಗೆ ಕಡಲೆ ಇಲ್ಲ ಅನ್ನೋ ಸ್ಥಿತಿಯಲ್ಲಿ ಯಾರು ನಿಲ್ಲುತ್ತಾರೆ?

ಇನ್ನೊಂದು. ನೀವು ಜಾಹೀರಾತಿನಲ್ಲಿ "ಹೃದಯ ತಜ್ಞರು: ಒಂದು ಹುದ್ದೆ" ಅಂತ ಹಾಕಿರ್ತೀರಿ, ಅಲ್ವಾ? ಆ ಒಂದು ಅನ್ನೋದೇ ತೊಂದರೆ. ಹಾರ್ಟ್ ಅಟ್ಯಾಕ್ ಆದವರು ಆಸ್ಪತ್ರೆ ಬಾಗಿಲಿಗೆ ಬಂದ ಹತ್ತು ನಿಮಿಷದಲ್ಲಿ ಇಸಿಜಿ ಆಗಬೇಕು, ತೊಂಬತ್ತು ನಿಮಿಷದಲ್ಲಿ ರಕ್ತನಾಳ ತೆರೆದಿರಬೇಕು. ಇದು ಮಧ್ಯಾಹ್ನ ಹನ್ನೆರಡಕ್ಕೂ ಅಷ್ಟೇ, ನಸುಕಿನ ಮೂರಕ್ಕೂ ಅಷ್ಟೇ. ಒಬ್ಬರೇ ಇದ್ದರೆ ತಿಂಗಳ ಮೂವತ್ತೂ ರಾತ್ರಿ ಫೋನ್ ದಿಂಬಿನ ಕೆಳಗಿರಬೇಕು, ತಂಗಿ ಮದುವೆಗೂ ಊರು ಬಿಡುವ ಹಾಗಿಲ್ಲ. ಒಂಟಿ ಎತ್ತಿನಿಂದ ರಂಟೆ ಹೊಡೆಸಿದ ಹಾಗೆ. ನಾಲ್ಕು ತಿಂಗಳಿಗೆ ಬಿಟ್ಟವರನ್ನು ನಾನು ತಪ್ಪು ಅನ್ನಲಾರೆ. ಇಬ್ಬರನ್ನು ಒಟ್ಟಿಗೆ ತೆಗೆದುಕೊಳ್ಳಿ. ಒಬ್ಬರು ಸ್ವಲ್ಪ ಹಿರಿಯರು, ಒಬ್ಬರು ಈಗ ತಾನೇ ಡಿಎಂ ಮುಗಿಸಿದವರು, ಹಾಗಾದರೆ ಕಿರಿಯರಿಗೆ ಕಷ್ಟದ ಕೇಸಿನಲ್ಲಿ ಕೇಳಲು ಒಬ್ಬರಿರುತ್ತಾರೆ. ಡಾಕ್ಟರ ಜೊತೆ ಕ್ಯಾತ್ ಲ್ಯಾಬ್ ಟೆಕ್ನಿಷಿಯನ್, ತರಬೇತಿ ಆದ ನರ್ಸ್‌ಗಳು, ರಾತ್ರಿ ಫೋನ್ ಮಾಡಿದರೆ ಬರುವ ಅರಿವಳಿಕೆ ತಜ್ಞರು. ಟೆಕ್ನಿಷಿಯನ್ನರನ್ನು ಮೊದಲೇ ಹುಡುಕಿ. ಎಷ್ಟೋ ಕಡೆ ಡಾಕ್ಟರಿದ್ದೂ ಟೆಕ್ನಿಷಿಯನ್ ಇಲ್ಲದೆ ಲ್ಯಾಬ್ ಸಂಜೆ ಐದಕ್ಕೆ ಮುಚ್ಚುವುದನ್ನು ನೋಡಿದ್ದೇನೆ. ಕ್ಯಾತ್ ಲ್ಯಾಬಿಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಬೇಕು, ಬಲೂನ್ ಹಾಕುವ ಹೊತ್ತಿಗೆ ಕರೆಂಟ್ ಹೋದರೆ ತಡೆಯುವ ಯುಪಿಎಸ್ ಬೇಕು, ಸ್ಟೆಂಟ್ ಕೊಡುವವರ ಬಾಕಿ ನಿಲ್ಲಿಸಬಾರದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಹಣ ತಡವಾದರೂ ಕಪಾಟಿನಲ್ಲಿ ಸ್ಟೆಂಟ್ ಇರಲೇಬೇಕು.

ಹೊರಗಿನ ಡಾಕ್ಟರನ್ನು ವಾರಕ್ಕೆರಡು ದಿನ ಕರೆಸಿದರೆ ಸಾಕಲ್ಲ ಅಂತ ಸಮಿತಿಯಲ್ಲಿ ಯಾರಾದರೂ ಹೇಳಿಯೇ ಇರುತ್ತಾರೆ. ಆಂಜಿಯೋಗ್ರಾಂಗೆ ಸಾಕು, ಹಾರ್ಟ್ ಅಟ್ಯಾಕಿಗೆ ಸಾಲದು. ದಯವಿಟ್ಟು ಅವರ ಹೆಸರನ್ನು ಅಧ್ಯಾಪಕರ ಪಟ್ಟಿಯಲ್ಲಿ ಮಾತ್ರ ಸೇರಿಸಬೇಡಿ. ಈಗ ಅಧ್ಯಾಪಕರ ಹಾಜರಿ ಆಧಾರ್ ಮೂಲಕ ದಾಖಲಾಗುತ್ತದೆ, ಶೇಕಡಾ 75 ಇರಲೇಬೇಕು. ಅದಕ್ಕಿಂತ ಮುಖ್ಯವಾಗಿ, ಇಲ್ಲದ ಮೇಷ್ಟ್ರನ್ನು ತೋರಿಸಿ ಮಕ್ಕಳಿಗೆ ಏನು ಕಲಿಸ್ತೀರಿ?

ಜಾಹೀರಾತನ್ನು ಬೇರೆ ಥರ ಮಾಡಿ. ಪೇಪರಿನ ಮೂಲೆಯಲ್ಲಿ ಟ್ಯೂಟರ್, ಲ್ಯಾಬ್ ಅಟೆಂಡರ್ ಹುದ್ದೆಗಳ ನಡುವೆ ಒಂದು ಸಾಲು ಹಾಕಿದರೆ ಡಿಎಂ ಓದುವ ಮಕ್ಕಳ ಕಣ್ಣಿಗೆ ಬೀಳೋದಿಲ್ಲ. ನಿಮ್ಮದೇ ಕಾಲೇಜಿನಲ್ಲಿ ಎಂಬಿಬಿಎಸ್ ಓದಿದವರು, ಈ ಭಾಗದ ಬೇರೆ ಕಾಲೇಜುಗಳಲ್ಲಿ ಓದಿದವರು, ಇವತ್ತು ಬೆಂಗಳೂರಿನ ಜಯದೇವದಲ್ಲಿ, ಹೈದರಾಬಾದಿನ ನಿಮ್ಸ್‌ನಲ್ಲಿ, ಉಸ್ಮಾನಿಯಾ ಆಸ್ಪತ್ರೆಯಲ್ಲಿ ಡಿಎಂ ಮಾಡುತ್ತಿರಬಹುದು. ಹಳೆಯ ಪ್ರೊಫೆಸರುಗಳ ಹತ್ತಿರ ಅವರ ಫೋನ್ ನಂಬರ್ ಇರುತ್ತೆ. ಕೊನೆಯ ವರ್ಷದಲ್ಲಿರುವಾಗಲೇ ಮಾತಾಡಿ, ಪರೀಕ್ಷೆ ಮುಗಿದ ಮೇಲಲ್ಲ. ಗಂಡ ಹೆಂಡತಿ ಇಬ್ಬರೂ ಡಾಕ್ಟರಿದ್ದರೆ ಇಬ್ಬರಿಗೂ ಕೆಲಸ ಇದೆಯಾ ಅಂತ ಮೊದಲ ಫೋನಿನಲ್ಲೇ ಹೇಳಿ. ಏನಿದೆ ಏನಿಲ್ಲ ಎರಡನ್ನೂ ಹೇಳಿ. ಲ್ಯಾಬ್ ಆರು ತಿಂಗಳಿಗೆ ಬರುತ್ತದೆ ಅಂದರೆ ಲ್ಯಾಬ್ ಬಂದ ಮೇಲೆ ಕರೆಯಿರಿ, ಅಲ್ಲಿವರೆಗೂ ಸಲಹೆಗಾರರಾಗಿ ಅವರನ್ನೇ ಕೇಳಿ ಮೆಷಿನ್ ಆರಿಸಿ. ತಾವೇ ಆರಿಸಿದ ಮೆಷಿನ್ ಬಿಟ್ಟು ಹೋಗಲು ಯಾರಿಗೂ ಸುಲಭವಾಗಿ ಮನಸ್ಸು ಬರೋದಿಲ್ಲ.

ಜಯದೇವ ನಮ್ಮೂರಿನಲ್ಲೇ ಇದೆ, 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಯ ಹೊಸ ಕಟ್ಟಡವೂ ಆಯಿತು. ಅವರ ಜೊತೆ ಪೈಪೋಟಿ ಬೇಡ. ನಿಮ್ಮ ಲ್ಯಾಬ್ ತಯಾರಾಗುವವರೆಗೂ ಇಸಿಜಿ, ಇಂಜೆಕ್ಷನ್, ತಕ್ಷಣ ಕಳಿಸುವ ವ್ಯವಸ್ಥೆ, ಈ ಮೂರು ನಿಮ್ಮಲ್ಲಿ ಗಟ್ಟಿಯಾಗಿದ್ದರೆ ರೋಗಿಗಳ ಜೀವ ಉಳಿಯುತ್ತದೆ.

ಪ್ರಶ್ನೆ: ಅಕ್ಕಾ, ನನ್ನ ಮಗಳು ಹೈದರಾಬಾದಿನಲ್ಲಿ ಕಾರ್ಡಿಯಾಲಜಿ ಡಿಎಂ ಕೊನೇ ವರ್ಷದಲ್ಲಿದ್ದಾಳೆ. ಬೀದರ್ ಕಡೆಯ ಕಾಲೇಜಿನವರು ಕರೀತಿದ್ದಾರೆ. ಅವಳಿಗೂ ಮನಸ್ಸಿದೆ, ಆದರೆ ಗೆಳತಿಯರೆಲ್ಲ ಹೈದರಾಬಾದಿನಲ್ಲೇ ಉಳೀತಾರೆ. ಬಾ ಅಂತ ಹೇಳಲೋ ಬೇಡವೋ?
— ಒಬ್ಬ ತಾಯಿ, ಹುಮನಾಬಾದ್

ಉತ್ತರ: ತಂಗೀ, ನೀವು ಹೇಳೋದು ಬೇಡ, ಅವಳೇ ಹೋಗಿ ನೋಡಲಿ. ಒಂದು ದಿನವಲ್ಲ, ಒಂದು ರಾತ್ರಿಯೂ ಅಲ್ಲಿ ಕಳೆಯಲಿ. ರಾತ್ರಿ ಹತ್ತಕ್ಕೆ ಕ್ಯಾಜುವಾಲ್ಟಿಯಲ್ಲಿ ನಿಂತರೆ ಆಸ್ಪತ್ರೆ ಏನು ಅಂತ ತಿಳಿಯುತ್ತದೆ. ಲ್ಯಾಬಿನಲ್ಲಿ ಕಳೆದ ತಿಂಗಳು ಎಷ್ಟು ಕೇಸ್ ಆಗಿದೆ ಅಂತ ರಿಜಿಸ್ಟರ್ ತೆರೆಸಿ ನೋಡಲಿ. ರಜೆ ಹಾಕಿದಾಗ ತನ್ನ ಜಾಗಕ್ಕೆ ಯಾರು ಅಂತ ಕೇಳಲಿ. ಹೆಸರು ಹೇಳಿದರೆ ಸರಿ, "ಅಡ್ಜಸ್ಟ್ ಮಾಡೋಣ" ಅಂದರೆ ಹುಷಾರು. ಹಿಂದಿನ ಡಾಕ್ಟರ್ ಯಾಕೆ ಬಿಟ್ಟರು ಅಂತ ಆ ಡಾಕ್ಟರಿಗೇ ಫೋನ್ ಮಾಡಿ ಕೇಳಲಿ.

ಸರ್ಕಾರಿ ಹುದ್ದೆ ಕರೆದರೆ ಕಲ್ಯಾಣ ಕರ್ನಾಟಕದವರಿಗೆ ಕೊಡುವ 371ಜೆ ಪ್ರಮಾಣಪತ್ರ ತೆಗೆದಿಟ್ಟುಕೊಂಡಿರಲಿ. ಈ ಭಾಗದ ಎ ಮತ್ತು ಬಿ ಗುಂಪಿನ ಸ್ಥಳೀಯ ಹುದ್ದೆಗಳಲ್ಲಿ ನಮ್ಮವರಿಗೆ ಶೇಕಡಾ 75 ಮೀಸಲು ಇದೆ.

ನನ್ನ ಆಸೆ ಕೇಳಿದರೆ, ಬರಲಿ. ಬೀದರಿನ ಜನ ಎದೆನೋವು ಬಂದರೆ ಹೈದರಾಬಾದ್ ದಾರಿ ಹಿಡಿಯುತ್ತಾರೆ, ಜಹೀರಾಬಾದ್ ದಾಟುವುದರೊಳಗೆ ಎಷ್ಟು ಹೃದಯ ಸೊರಗಿರುತ್ತದೋ. ಅದರಲ್ಲೂ ನಮ್ಮ ಹೆಂಗಸರು ಎದೆನೋವನ್ನು ಗ್ಯಾಸ್ ಅಂತ ನುಂಗಿಕೊಂಡು ರೊಟ್ಟಿ ಬಡಿಯುತ್ತಾರೆ. ಹೆಣ್ಣು ಡಾಕ್ಟರ್ ಮುಂದೆ ಸೆರಗು ಸರಿಸಿ "ಇಲ್ಲಿ ಹಿಂಡಿದಂಗ ಆಗ್ತದವ್ವಾ" ಅಂತ ತೋರಿಸಿದಷ್ಟು ಸಲೀಸಾಗಿ ಬೇರೆಯವರಿಗೆ ತೋರಿಸೋದಿಲ್ಲ.

ಪ್ರಶ್ನೆ: ನಾನು ಯಾದಗಿರಿಯಲ್ಲಿ ಎಂಬಿಬಿಎಸ್ ಓದುತ್ತಿದ್ದೇನೆ. ಹೃದಯ ತಜ್ಞರೇ ಇಲ್ಲದ ಕಡೆ ಓದಿದರೆ ಹೃದಯದ ಬಗ್ಗೆ ಕಲಿಯೋದು ಹೇಗೆ ಮೇಡಂ?
— ವಿದ್ಯಾರ್ಥಿ, ಯಾದಗಿರಿ

ಉತ್ತರ: ಎಂಬಿಬಿಎಸ್ ಕಾಲೇಜು ನಡೆಸಲು ಕಾರ್ಡಿಯಾಲಜಿ ವಿಭಾಗ ಕಡ್ಡಾಯವಲ್ಲ ಮಗೂ, ಅದಕ್ಕೇ ಎಷ್ಟೋ ಕಾಲೇಜುಗಳಲ್ಲಿ ಆ ಹುದ್ದೆಯೇ ಇರೋದಿಲ್ಲ. ಹಾಗಂತ ನಿನ್ನ ವಾರ್ಡಿನಲ್ಲಿ ಹೃದಯದ ಕಾಯಿಲೆ ಇಲ್ಲ ಅಂದುಕೊಳ್ಳಬೇಡ. ದಿನಾ ಹತ್ತು ಇಸಿಜಿ ಓದು, ಪುಸ್ತಕದ್ದಲ್ಲ, ವಾರ್ಡಿನದು. ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಸಿಗುತ್ತದೆ. ನಾಳೆ ಸುರಪುರದಲ್ಲೋ ಶಹಾಪುರದಲ್ಲೋ ಅದನ್ನು ಕೊಡುವ ಡ್ಯೂಟಿ ಡಾಕ್ಟರ್ ನೀನೇ ಆಗಿರುತ್ತೀಯ.

ಇನ್ನೊಂದು ಕೆಲಸ ಮಾಡು. ಹೆರಿಗೆ ವಾರ್ಡಿಗೆ ಹೋಗು. ಐದನೇ ಆರನೇ ತಿಂಗಳಿನಲ್ಲಿ ದಮ್ಮು ಅಂತ ಬರುವ ಹುಡುಗಿಯರಲ್ಲಿ ಕೆಲವರಿಗೆ ಚಿಕ್ಕಂದಿನ ಕೀಲು ಜ್ವರದಿಂದ ಹೃದಯದ ಕವಾಟ ಕಿರಿದಾಗಿರುತ್ತದೆ. ಅವರನ್ನು ಎಡಮಗ್ಗುಲಿಗೆ ಹೊರಳಿಸಿ, ಸ್ಟೆತಾಸ್ಕೋಪಿನ ಬೆಲ್ ಭಾಗವನ್ನು ಎಡ ಎದೆಯ ಕೆಳಗೆ ಮೆತ್ತಗೆ ಇಟ್ಟು, ಉಸಿರು ಬಿಟ್ಟು ಹಿಡಿ ಅನ್ನು. ದೂರದಲ್ಲಿ ಬೀಸುವ ಕಲ್ಲು ತಿರುಗಿದಂತೆ ಒಂದು ಗುಡುಗುಡು ಕೇಳುತ್ತದೆ. ಮೊದಲ ಐದಾರು ಸಲ ಕೇಳೋದಿಲ್ಲ, ಬಿಡಬೇಡ. ಕೇಳಿದ ದಿನ ನಿಮ್ಮ ಮೆಡಿಸಿನ್ ಮೇಷ್ಟ್ರನ್ನು ಕರೆದು ತೋರಿಸು, ಅವತ್ತೇ ಎಕೋಗೆ ಬರೆಸು.